ಕುಕ್ಕರಿನಲ್ಲಿ ಗಾಜು ಬೇಯಿಸಿದ ದಿನಗಳು

ನಿವೃತ್ತಿ ಎಂದ ಕೂಡಲೇ ನರೆತ ತಲೆ, ಮಂಡಿನೋವು, ಬೆಳಗಿನ ವಾಕಿಂಗು ಎಂದೆಲ್ಲ ಊಹಿಸಿಕೊಂಡಿದ್ದರೆ ಕ್ಷಮಿಸಿ. ನನಗೆ ಇನ್ನೂ ಮೂವತ್ತೈದು ದಾಟಿಲ್ಲ, ಮಂಡಿ ಗಟ್ಟಿಯಾಗಿದೆ. ನಿವೃತ್ತಿಯಾದದ್ದು ನನ್ನ ಕೈಗಳು. ಫಾರ್ಮಲಿನ್ ವಾಸನೆ ಬಡಿದರೆ ಸಾಕು, ಬೆರಳ ಸಂದಿಯಲ್ಲೆಲ್ಲ ಚರ್ಮ ಕೆಂಪೇರಿ ಬಿರಿಯುತ್ತಿತ್ತು. ಕೈಗವಸು ಹಾಕಿದರೆ ಕೈಗವಸಿಗೂ ಸೇರಿ ತುರಿಕೆ. ಕೊನೆಗೆ ಚರ್ಮದ ಡಾಕ್ಟರು, ಕೆಲಸ ಬೇಕೋ ಕೈ ಬೇಕೋ ನೀವೇ ಹೇಳಿ ಎಂದರು. ಕೈ ಇಲ್ಲದಿದ್ದರೆ ಆ ಕೆಲಸವನ್ನೂ ಮಾಡಲಾಗದು ಎಂಬ ಸೂಕ್ಷ್ಮ ನನಗೆ ಹೊಳೆಯಲು ಒಂದು ವಾರವೇ ಬೇಕಾಯಿತು. ಬುದ್ಧಿಯ ವಿಷಯದಲ್ಲಿ ನಾನು ಹೀಗೇ ಎಂದು ಮೊದಲೇ ತಿಳಿದಿರಲಿ.

ಈಗ ಮದರಾಸಿನ ವೆಸ್ಟ್ ಮಾಂಬಲಂನಲ್ಲಿ ಭಾವನ ಸ್ಟೇಷನರಿ ಅಂಗಡಿಯಲ್ಲಿ ಕುಳಿತಿದ್ದೇನೆ. ಲ್ಯಾಬ್ ಟೆಕ್ನಿಷಿಯನ್ ಡಿಪ್ಲೊಮಾ ಓದುವ ಹುಡುಗರು ರೆಕಾರ್ಡ್ ಪುಸ್ತಕ ಕೊಳ್ಳಲು ಬಂದಾಗ, ಸಾರ್ ನೀವು ಕ್ಯಾನ್ಸರ್ ಆಸ್ಪತ್ರೆಯ ಬಯಾಪ್ಸಿ ಲ್ಯಾಬಿನಲ್ಲಿ ಇದ್ದಿರಂತಲ್ಲ, ಕೆಲಸ ಹೇಗಿರುತ್ತೆ ಎಂದು ಕೇಳುತ್ತಾರೆ. ಅಂಗಡಿಯಲ್ಲಿ ನಿಂತು ಹೇಳುವಷ್ಟು ಸಣ್ಣ ಉತ್ತರ ನನ್ನ ಬಳಿ ಇಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಸೇರಿದ್ದು ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ. ಅಪ್ಪ ಚಾಮರಾಜನಗರದ ಕಡೆಯವರು, ರೈಲ್ವೆ ಗುಮಾಸ್ತರಾಗಿ ಮದರಾಸಿಗೆ ಬಂದು ಇಲ್ಲೇ ಉಳಿದವರು. ಅವರು ಕನ್ನಡದಲ್ಲಿ ಬೈದರೆ ನಾನು ತಮಿಳಿನಲ್ಲಿ ಉತ್ತರ ಕೊಡುತ್ತಿದ್ದೆ. ಕೆಲಸ ಸಿಕ್ಕಿತು ಎಂದಾಗ ಅಮ್ಮ ಕೇಳಿದ್ದು ಒಂದೇ ಮಾತು, ಅಲ್ಲಿ ನೀನು ಯಾರನ್ನೂ ಮುಟ್ಟೋ ಹಾಗಿಲ್ಲ ತಾನೆ ಎಂದು. ರೋಗಿಗಳ ಕ್ಷೇಮದ ಬಗ್ಗೆ ಆಕೆಗಿದ್ದ ಕಾಳಜಿ ಅಷ್ಟು.

ನಿಜಕ್ಕೂ ಮುಟ್ಟುವ ಹಾಗಿರಲಿಲ್ಲ. ನಮ್ಮ ಬಳಿಗೆ ಬರುತ್ತಿದ್ದದ್ದು ರೋಗಿಯಲ್ಲ, ರೋಗಿಯ ಚೂರು. ಆಪರೇಷನ್ ಆದ ಮೇಲೆ ಗಡ್ಡೆಯ ತುಂಡನ್ನು ಫಾರ್ಮಲಿನ್ ಡಬ್ಬಿಯಲ್ಲಿ ಮುಳುಗಿಸಿ ಕಳಿಸುತ್ತಾರೆ. ಅದು ಕೊಳೆಯದಂತೆ ಗಟ್ಟಿಯಾಗುತ್ತದೆ. ಅದನ್ನು ಮೇಣದೊಳಗೆ ಕೂರಿಸಿ, ಈರುಳ್ಳಿಯ ಪೊರೆ ನಾಚುವಷ್ಟು ತೆಳ್ಳಗೆ ಹೆರೆದು, ಬೆಚ್ಚನೆಯ ನೀರಿನ ಮೇಲೆ ತೇಲಿಬಿಟ್ಟು, ಗಾಜಿನ ಸ್ಲೈಡಿನಿಂದ ಮೀನು ಹಿಡಿದಂತೆ ಎತ್ತಿಕೊಳ್ಳಬೇಕು. ಆಮೇಲೆ ಬಣ್ಣ. ಕೆಲಸ ಇಷ್ಟೇ. ಆ ಇಷ್ಟರಲ್ಲಿ ಎಷ್ಟು ಬಗೆಯಲ್ಲಿ ಕೆಡಿಸಬಹುದು ಎಂಬುದನ್ನು ಕಂಡುಹಿಡಿದದ್ದು ಈ ಕ್ಷೇತ್ರಕ್ಕೆ ನನ್ನ ಕೊಡುಗೆ.

ನನ್ನ ಮೇಲಿನವರು ಇಬ್ಬರು. ಒಬ್ಬರು ಹಿರಿಯ ಟೆಕ್ನಿಷಿಯನ್ ಪಳನಿ ಅಣ್ಣ. ನಾನು ಏನೇ ಒಡೆದರೂ ಚೆಲ್ಲಿದರೂ 'ಪರವಾಯಿಲ್ಲ ತಂಬಿ' ಎನ್ನುತ್ತಿದ್ದರು, ಆದರೆ ಸಂಜೆ ಬಸ್‌ಸ್ಟಾಪಿನಲ್ಲಿ ಇಡೀ ಆಸ್ಪತ್ರೆಗೆ ಅದನ್ನು ನಟಿಸಿ ತೋರಿಸುತ್ತಿದ್ದರು. ಇನ್ನೊಬ್ಬರು ಪೆಥಾಲಜಿ ಮುಖ್ಯಸ್ಥೆ ಡಾಕ್ಟರ್ ಹೇಮಲತಾ ಮೇಡಂ. ತಮಿಳರಾದರೂ ಮೈಸೂರಿನಲ್ಲಿ ಓದಿದವರು, ನನ್ನನ್ನು ಬೈಯಲೆಂದೇ ಕನ್ನಡ ಉಳಿಸಿಕೊಂಡಿದ್ದರು. ಅವರು ಎಂದೂ ದನಿ ಏರಿಸಿದ್ದಿಲ್ಲ. ಗುರು ಎಂಬ ನನ್ನ ಹೆಸರು ಹಿಡಿದು, ಬಹುವಚನದಲ್ಲಿ, ಮೆಲ್ಲಗೆ, ನಗುತ್ತ ಬೈಯುತ್ತಿದ್ದರು. ಅದಕ್ಕಿಂತ ಏಟೇ ವಾಸಿ.

ನಾನು ಸೇರಿದ ಕಾಲಕ್ಕೆ ಲ್ಯಾಬಿನಲ್ಲಿ ಹೊಸ ವಿದ್ಯೆಯೊಂದು ಬಂದಿತ್ತು. ಅದುವರೆಗೆ ಕ್ಯಾನ್ಸರ್ ಕೋಶದ ಆಕಾರ ನೋಡಿ ಅದರ ಜಾತಕ ಹೇಳುತ್ತಿದ್ದರು. ಈಗ ಕೋಶದ ಒಳಗಿನ ಒಂದೊಂದು ಪ್ರೋಟೀನನ್ನೇ ಹುಡುಕಿ ಬಣ್ಣ ಬಳಿಯಬಹುದಾಗಿತ್ತು. ಹುಡುಕಿದ ಪ್ರೋಟೀನು ಇದ್ದರೆ ಕಾಫಿ ಡಿಕಾಕ್ಷನ್ನಿನ ಕಂದು, ಇಲ್ಲದಿದ್ದರೆ ಬರೀ ನೀಲಿ. ನಾವು ಹೆಚ್ಚಾಗಿ ಹುಡುಕುತ್ತಿದ್ದವು ಟ್ರಾನ್ಸ್‌ಕ್ರಿಪ್ಷನ್ ಫ್ಯಾಕ್ಟರ್ ಎಂಬ ಜಾತಿಯ ಪ್ರೋಟೀನುಗಳು.

ಹೆಸರಿಗೆ ಹೆದರಬೇಡಿ, ನಾನೂ ಹೆದರಿದ್ದೆ. ನಮ್ಮ ಫ್ಲ್ಯಾಟಿನಲ್ಲಿ ನೀರಿನ ಮೋಟಾರಿನ ಸ್ವಿಚ್ ಒತ್ತುವ ಅಧಿಕಾರ ಒಬ್ಬರಿಗೇ ಇದೆ. ಅವರು ಒತ್ತಿದರೆ ನೀರು, ಇಲ್ಲದಿದ್ದರೆ ಕೊಡ ಹಿಡಿದು ಬೀದಿಗೆ. ದೇಹದ ಪ್ರತಿ ಕೋಶದಲ್ಲೂ ಎಲ್ಲ ಜೀನುಗಳೂ ಇವೆ, ಆದರೆ ಯಾವುದನ್ನು ಯಾವಾಗ ಚಾಲೂ ಮಾಡಬೇಕು ಎಂದು ಸ್ವಿಚ್ ಒತ್ತುವವು ಈ ಪ್ರೋಟೀನುಗಳು. ಸ್ವಿಚ್ಚಿನವನಿಗೆ ತಲೆಕೆಟ್ಟು ಒತ್ತಿದ ಕೈ ತೆಗೆಯಲೇ ಇಲ್ಲ ಅನ್ನಿ, ತೊಟ್ಟಿ ತುಂಬಿ, ಚೆಲ್ಲಿ, ಮೆಟ್ಟಿಲ ಮೇಲೆ ಜಲಪಾತವಾಗುತ್ತದೆ. ಕ್ಯಾನ್ಸರ್ ಬೆಳೆಯುವುದರಲ್ಲಿ ಹೀಗೆ ಹಟ ಹಿಡಿದ ಸ್ವಿಚ್ಚಿನವರ ಪಾಲು ದೊಡ್ಡದು. ಅವನು ಯಾರೆಂದು ಗೊತ್ತಾದರೆ ಕೆಲವು ಸಲ ಅವನ ಕೈ ಕಟ್ಟಿಹಾಕಬಹುದು.

ಈ ಬಣ್ಣದ ವಿದ್ಯೆಗೆ ಒಂದು ತೊಡಕಿತ್ತು. ಫಾರ್ಮಲಿನ್ ಪ್ರೋಟೀನುಗಳಿಗೆ ಗಂಟು ಹಾಕಿಬಿಡುತ್ತದೆ. ಆ ಗಂಟು ಬಿಡಿಸಲು ಸ್ಲೈಡುಗಳನ್ನು ಹುಳಿಯಾದ ದ್ರಾವಣದಲ್ಲಿ ಕುದಿಸಬೇಕು. ಮೊದಲು ಮೈಕ್ರೋವೇವಿನಲ್ಲಿ ಕುದಿಸುತ್ತಿದ್ದೆವು. ಒಂದು ಮೂಲೆ ಕುದಿದರೆ ಇನ್ನೊಂದು ಮೂಲೆ ತಣ್ಣಗಿರುತ್ತಿತ್ತು. ಆಮೇಲೆ ಪ್ರೆಷರ್ ಕುಕ್ಕರ್ ಒಳ್ಳೆಯದು ಎಂದು ಎಲ್ಲೋ ಓದಿದ ಮೇಡಂ, ಕೊಂಡು ತರಲು ನನ್ನನ್ನು ರಂಗನಾಥನ್ ಬೀದಿಗೆ ಅಟ್ಟಿದರು. ಅಂಗಡಿಯವನು ಮನೆಯಲ್ಲಿ ಎಷ್ಟು ಜನ ಎಂದು ಕೇಳಿದ. ಇಪ್ಪತ್ತು ಸ್ಲೈಡು ಎಂದೆ. ಅವನು ಪಕ್ಕದವನ ಕಡೆ ನೋಡಿ ಒಂದು ಸಣ್ಣ ಕುಕ್ಕರ್ ಕೈಗಿಟ್ಟು ಬೇಗ ಕಳಿಸಿಬಿಟ್ಟ.

ಮೊದಲ ದಿನ ಮನೆಯ ಅಭ್ಯಾಸದಂತೆ ವಿಸಲ್ ಎಣಿಸುತ್ತ ನಿಂತೆ. ತೊಗರಿಬೇಳೆಗೆ ಎಷ್ಟೋ ಅಷ್ಟು, ಮೇಲೆ ಒಂದು ಹೆಚ್ಚು, ಕ್ಯಾನ್ಸರ್ ಅಲ್ಲವೇ ಎಂದು. ಉಗಿ ಪೂರ್ತಿ ಇಳಿಯುವ ಮುನ್ನವೇ ಮುಚ್ಚಳ ತೆಗೆದೆ. ಸ್ಲೈಡುಗಳೇನೋ ಇದ್ದವು, ಅವುಗಳ ಮೇಲಿದ್ದ ರೋಗಿಗಳೆಲ್ಲ ಕಿತ್ತು ಬಂದು ನೀರಿನಲ್ಲಿ ತೇಲುತ್ತಿದ್ದರು. ಮೇಡಂ ಒಂದು ಖಾಲಿ ಗಾಜನ್ನು ಮೈಕ್ರೋಸ್ಕೋಪಿನಡಿ ಇಟ್ಟು ತುಂಬ ಹೊತ್ತು ನೋಡಿದರು.

"ಏನ್ರೀ ಗುರು, ಈ ಪೇಷಂಟ್ ಎಲ್ಲಿ ಹೋದ್ರು?"

"ಡಿಸ್ಚಾರ್ಜ್ ಆಗಿರ್ಬೇಕು ಮೇಡಂ."

ಪಳನಿ ಅಣ್ಣ ಅಂದಿನಿಂದ ನನಗೆ ಕುಕ್ಕರ್ ತಂಬಿ ಎಂದು ಹೆಸರಿಟ್ಟರು. ಆದರೆ ವಿಸಲ್ ಎಣಿಸಬಾರದು, ಪ್ರೆಷರ್ ಏರಿದ ಮೇಲೆ ಗಡಿಯಾರ ನೋಡಬೇಕು, ತಾನಾಗಿ ಇಳಿಯುವವರೆಗೆ ಮುಟ್ಟಬಾರದು ಎಂದು ಇಡೀ ಲ್ಯಾಬು ಕಲಿತದ್ದು ನನ್ನಿಂದಲೇ. ಸ್ಲೈಡಿಗೆ ಮೊದಲೇ ಅಂಟಿನ ಲೇಪ ಕೊಟ್ಟು ಒಣಗಿಸಬೇಕೆಂದೂ ಆಗಲೇ ಗೊತ್ತಾಯಿತು.

ಇನ್ನೊಂದು ಸಲ ಮಾನ ಕಳೆದದ್ದು ಪಿ-ಫಿಫ್ಟಿತ್ರೀ ಎಂಬುದರಿಂದ. ಇದೂ ಸ್ವಿಚ್ಚಿನವನೇ, ಆದರೆ ಸಜ್ಜನ. ಕೋಶ ಹಾದಿ ತಪ್ಪಿದರೆ ಬೆಳವಣಿಗೆ ನಿಲ್ಲಿಸುವ ಕಾವಲುಗಾರ. ಒಮ್ಮೆ ದೆಹಲಿಯಿಂದ ದೊಡ್ಡ ಪ್ರೊಫೆಸರೊಬ್ಬರು ಬಂದಿದ್ದರು. ನಾನು ಬಣ್ಣ ಹಾಕಿದ ಟ್ರೇ ಎತ್ತಿ ಹಿಡಿದು, ನಮ್ಮ ರೋಗಿಗಳದ್ದೆಲ್ಲ ಗಾಢ ಕಂದು ಸಾರ್, ಕಾವಲು ಬಹಳ ಬಿಗಿಯಾಗಿದೆ ಎಂದು ವಿವರಿಸಿದೆ. ಅವರು ಮೇಡಂ ಮುಖ ನೋಡಿದರು. ಮೇಡಂ ಕಿಟಕಿ ನೋಡಿದರು. ಒಳ್ಳೆಯ ಕಾವಲುಗಾರ ಕೆಲಸ ಮುಗಿಸಿ ಬೇಗ ಕರಗಿಹೋಗುತ್ತಾನೆ, ಬಣ್ಣಕ್ಕೆ ಸಿಗುವುದೇ ಇಲ್ಲ. ಕೆಟ್ಟುಹೋದವನೇ ಕರಗದೆ ಗುಡ್ಡೆಬಿದ್ದು ಕಂದಾಗಿ ಕಾಣುವುದು. ಅಂದರೆ ಅಂದು ನಾನು ಇಡೀ ವಾರ್ಡಿನ ಕೆಟ್ಟ ಸುದ್ದಿಯನ್ನು ಹೆಮ್ಮೆಯಿಂದ ಪ್ರದರ್ಶನಕ್ಕೆ ಇಟ್ಟಿದ್ದೆ.

ಆ ಕಾವಲುಗಾರ ಕೆಟ್ಟಿರುವ ರೋಗಿಗಳು ಎಷ್ಟು ಕಾಲ ಬದುಕುತ್ತಾರೆ, ಕೆಡದವರು ಎಷ್ಟು ಕಾಲ ಎಂದು ತಿಳಿಯುವ ಒಂದು ಅಧ್ಯಯನವೂ ನಡೆದಿತ್ತು. ಅದಕ್ಕೆ ಹಳೆಯ ರೋಗಿಗಳು ಇದ್ದಾರೋ ಇಲ್ಲವೋ ಗೊತ್ತಾಗಬೇಕು. ಕಾಗದ ಹಾಕಿದರೆ ಉತ್ತರ ಬಾರದು. ಹಾಗಾಗಿ ಶನಿವಾರ ವಿಳಾಸ ಕೊಟ್ಟು ನನ್ನನ್ನು ಕಳಿಸುತ್ತಿದ್ದರು. ಒಂದು ಬಾಗಿಲು ತಟ್ಟಿ, ನಿಮ್ಮವರು ಬದುಕಿದ್ದಾರಾ ಎಂದು ಹೇಗೆ ಕೇಳುವುದು? ಒಮ್ಮೆ ಅಂಬತ್ತೂರಿನ ಬಸ್ಸಿನಲ್ಲಿ ದಾರಿಯುದ್ದಕ್ಕೂ ನಾಜೂಕಾದ ವಾಕ್ಯವೊಂದನ್ನು ಕಂಠಪಾಠ ಮಾಡಿದೆ. ಮನೆ ಸಿಕ್ಕಿತು. ಬನಿಯನ್ ತೊಟ್ಟ ಹಿರಿಯರೊಬ್ಬರು ಬಾಗಿಲು ತೆಗೆದರು. ವಾಕ್ಯ ಮರೆತುಹೋಯಿತು. ಮಾಣಿಕ್ಯಂ ಅವರು ತೀರಿಕೊಂಡದ್ದು ಯಾವಾಗ ಎಂದು ಕೇಳಿಬಿಟ್ಟೆ.

ಅವರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಇನ್ನೂ ದಿನ ಗೊತ್ತು ಮಾಡಿಲ್ಲ ತಂಬಿ, ಒಳಗೆ ಬಾ, ಮೋರು ಕುಡಿದು ಹೋಗು ಎಂದರು. ಕಾರ್ಖಾನೆಯಲ್ಲಿ ಲೇತ್ ಯಂತ್ರದ ಮೇಲೆ ದುಡಿದ ಮಾಣಿಕ್ಯಂ ಅವರೇ ಅವರು. ಮಜ್ಜಿಗೆ ಕೊಟ್ಟದ್ದಲ್ಲದೆ ಹೆಂಡತಿಯನ್ನು ಕರೆದು, ನೋಡಿಲ್ಲಿ, ನನ್ನನ್ನು ಕರೆದೊಯ್ಯಲು ಯಮನ ಕಡೆಯಿಂದ ಹುಡುಗ ಬಂದಿದ್ದಾನೆ, ಪ್ಯಾಂಟು ಹಾಕಿದ್ದಾನೆ ಎಂದು ಪರಿಚಯ ಮಾಡಿಸಿದರು. ಅವರ ಸ್ಲೈಡು ಡಿಕಾಕ್ಷನ್ನಿಗಿಂತ ಕಂದು. ನಮ್ಮ ಗ್ರಾಫಿನ ಪ್ರಕಾರ ಅವರು ಎಂದೋ ಹೋಗಬೇಕಿತ್ತು. ಸೋಮವಾರ ಹಾಗೆಂದು ಮೇಡಂಗೆ ಹೇಳಿದೆ. "ಗ್ರಾಫ್ ಹೇಳೋದು ಗುಂಪಿನ ಮಾತು. ಮಾಣಿಕ್ಯಂ ಮಾತು ಮಾಣಿಕ್ಯಂನೇ ಹೇಳ್ಬೇಕು," ಎಂದರು. ಈ ಕೆಲಸಕ್ಕೆ ಬರುವ ಹುಡುಗರು ಬೇರೇನು ಮರೆತರೂ ಇದೊಂದು ಮಾತು ಇಟ್ಟುಕೊಳ್ಳಿ.

ಇನ್ನು ಸುಲೋಚನಕ್ಕನ ವಿಷಯ. ಇದನ್ನು ಹೇಳಬೇಕೆಂದೇ ಮಿಕ್ಕದ್ದನ್ನೆಲ್ಲ ಹೇಳುತ್ತ ಬಂದೆನೋ ಏನೋ.

ಅವರು ನಮ್ಮ ಮೇಲಿನ ಮನೆಯವರು. ತುಮಕೂರಿನ ಕಡೆಯವರು, ಎಗ್ಮೋರಿನ ರೈಲ್ವೆ ಕಚೇರಿಯಲ್ಲಿ ಕೆಲಸ. ಗಂಡ ತೀರಿಹೋಗಿದ್ದರು. ಮಗಳು ಕಾಲೇಜಿನಲ್ಲಿದ್ದಳು, ಅಮ್ಮ ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲಿ ಉತ್ತರ ಕೊಡುವ ಹುಡುಗಿ. ಅಕ್ಕನ ನಾಲಿಗೆ ಹರಿತ. ನಾನು ಬೆಳಿಗ್ಗೆ ಮೆಟ್ಟಿಲಿಳಿಯುವಾಗ ಅವರೂ ಇಳಿಯುತ್ತಿದ್ದರು, ಮಾಂಬಲಂ ಸ್ಟೇಷನ್ನಿನವರೆಗೆ ಒಟ್ಟಿಗೆ ನಡೆಯುತ್ತಿದ್ದೆವು. ದಿನಾ ನಾನೊಂದು ಜೋಕು ಹೇಳುತ್ತಿದ್ದೆ. ಅವರು ನಗದೆ, ಮುಂದಕ್ಕೆ ಹೇಳು, ಇನ್ನೂ ಮುಗಿದಿಲ್ಲ ತಾನೆ ಎನ್ನುತ್ತಿದ್ದರು. ಮುಗಿದೇಹೋಗಿರುತ್ತಿತ್ತು.

ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ನಮ್ಮ ಆಸ್ಪತ್ರೆಯಲ್ಲೇ ಅವರಿಗೆ ಸ್ತನದ ಗಡ್ಡೆಯ ಆಪರೇಷನ್ ಆಗಿತ್ತು. ಆ ಗಡ್ಡೆಯಲ್ಲಿ ಈಸ್ಟ್ರೋಜೆನ್ ರಿಸೆಪ್ಟರ್ ಎಂಬ ಸ್ವಿಚ್ಚಿನವನು ಸಿಕ್ಕಿದ್ದ. ಹೆಣ್ಣಿನ ಹಾರ್ಮೋನು ಬಂದು ಹೇಳಿದರಷ್ಟೇ ಸ್ವಿಚ್ ಒತ್ತುವವನು ಅವನು. ಅವನನ್ನು ಸುಮ್ಮನಿರಿಸಲು ಮಾತ್ರೆ ಇದೆ. ಐದು ವರ್ಷ ಆ ಮಾತ್ರೆ ನುಂಗಿ, ಮುಗಿಸಿ, ಎಲ್ಲ ಮರೆತಿದ್ದರು. ಒಂದು ಡಿಸೆಂಬರಿನಲ್ಲಿ ಒಣಕೆಮ್ಮು ಹತ್ತಿತು. ಎಕ್ಸ್‌ರೇಯಲ್ಲಿ ಶ್ವಾಸಕೋಶದ ಮೇಲೆ ನೆರಳು.

ಹಳೆಯ ಸ್ತನದ ಕ್ಯಾನ್ಸರೇ ಅಲ್ಲಿಗೆ ಹೋಗಿ ಕೂತಿದೆಯೋ, ಅಥವಾ ಶ್ವಾಸಕೋಶದಲ್ಲೇ ಹುಟ್ಟಿದ ಹೊಸ ಕ್ಯಾನ್ಸರೋ? ಹಳೆಯದಾದರೆ ಮತ್ತೆ ಹಾರ್ಮೋನು ತಡೆಯುವ ಮಾತ್ರೆ, ಕೆಲಸಕ್ಕೆ ಹೋಗಿಕೊಂಡೇ ವರ್ಷಗಟ್ಟಲೆ ತಳ್ಳಬಹುದು. ಹೊಸದಾದರೆ ಅಂದಿನ ದಿನಗಳಲ್ಲಿ ಕಠಿಣ ಕಿಮೊಥೆರಪಿ ಬಿಟ್ಟರೆ ಹೆಚ್ಚೇನಿಲ್ಲ, ಅದರಿಂದ ಸಿಗುವ ಕಾಲವೂ ಕಡಿಮೆ. ಎರಡೂ ಮೈಕ್ರೋಸ್ಕೋಪಿನಲ್ಲಿ ಅಕ್ಕತಂಗಿಯರಂತೆ ಕಾಣುತ್ತಿದ್ದವು.

ಸೂಜಿ ಹಾಕಿ ಚೂರು ತೆಗೆದ ಸಂಜೆ ಅಕ್ಕ ಮೆಟ್ಟಿಲ ಮೇಲೆ ಸಿಕ್ಕರು.

"ನಿಮ್ಮ ಲ್ಯಾಬಿಗೇ ಬರುತ್ತಂತಲ್ಲೋ ನನ್ ಚೂರು."

"ಹೂಂ ಅಕ್ಕ."

"ಹಳಬನೋ ಹೊಸಬನೋ ನೋಡಿ ಹೇಳು. ಹಳಬನಾದ್ರೆ ಅವನ ವರಸೆ ನಂಗೊತ್ತು, ಹೊಡೆದಾಡ್ತೀನಿ. ಹೊಸಬನ ಜೊತೆ ಗುದ್ದಾಡೋಕೆ ಈ ವಯಸ್ಸಲ್ಲಿ ಆಗಲ್ಲ ಕಣೋ."

ನಾನು ಹೇಳುವ ಹಾಗಿಲ್ಲ ಅಕ್ಕ, ರಿಪೋರ್ಟು ಡಾಕ್ಟರೇ ಹೇಳಬೇಕು ಎಂದೆ. ಈ ಕೆಲಸದ ಮೊದಲ ನಿಯಮವೇ ಅದು, ನಮ್ಮ ಬಾಯಿಂದ ಏನೂ ಹೊರಗೆ ಹೋಗಕೂಡದು. ಗೊತ್ತು ಬಿಡೋ ಎಂದು ಅವರು ಹತ್ತಿ ಹೋದರು.

ಚೂರು ಲ್ಯಾಬಿಗೆ ಬಂದದ್ದು ಭೋಗಿ ಹಬ್ಬದ ಮುನ್ನಾದಿನ, ಎಲ್ಲರೂ ಕಬ್ಬು, ಅರಿಶಿನದ ಗಿಡ ಎಂದು ಮನೆ ಕಡೆ ಮುಖ ಮಾಡಿದ್ದ ಹೊತ್ತಿಗೆ. ನಾನೂ ಆಗಲೇ ಹೊರಟಿದ್ದೆ. ಆಮೇಲೆ ಪೊಂಗಲ್, ಮಾಟ್ಟು ಪೊಂಗಲ್, ಕಾಣುಂ ಪೊಂಗಲ್. ಮದರಾಸಿನಲ್ಲಿ ಆ ದಿನಗಳಲ್ಲಿ ಹಾಲು ಉಕ್ಕುವುದು ಬಿಟ್ಟರೆ ಬೇರೇನೂ ನಡೆಯದು. ಅಕ್ಕನ ಡಬ್ಬಿ ಫಾರ್ಮಲಿನ್ನಿನಲ್ಲಿ ಹಾಗೇ ಕೂತಿತು. ಪ್ರತಿ ವರ್ಷ ಎಷ್ಟೋ ಡಬ್ಬಿಗಳು ಕೂರುತ್ತಿದ್ದವು, ಯಾರಿಗೂ ಅದೊಂದು ವಿಷಯ ಅನ್ನಿಸಿರಲಿಲ್ಲ.

ಹಬ್ಬ ಮುಗಿದ ಮೇಲೆ ಹೆರೆದು ಎರಡು ಬಣ್ಣ ಹಾಕಿದೆ. ಒಂದು ಹಳೆಯ ಸ್ನೇಹಿತ ಈಸ್ಟ್ರೋಜೆನ್ ರಿಸೆಪ್ಟರಿಗೆ. ಇನ್ನೊಂದು ಆಗಷ್ಟೇ ನಮ್ಮಲ್ಲಿ ಬಳಕೆಗೆ ಬಂದಿದ್ದ ಟಿಟಿಎಫ್-ಒನ್ ಎಂಬುದಕ್ಕೆ. ಇದು ಥೈರಾಯ್ಡ್ ಮತ್ತು ಶ್ವಾಸಕೋಶದಲ್ಲಷ್ಟೇ ನೌಕರಿ ಮಾಡುವ ಸ್ವಿಚ್ಚಿನವನು. ಗಡ್ಡೆಯಲ್ಲಿ ಇವನು ಕಂಡರೆ ಅದು ಶ್ವಾಸಕೋಶದಲ್ಲೇ ಹುಟ್ಟಿದ್ದು ಎಂದು ಬಹುಮಟ್ಟಿಗೆ ಖಾತ್ರಿ.

ಎರಡೂ ನೀಲಿ. ಅವನೂ ಇಲ್ಲ, ಇವನೂ ಇಲ್ಲ.

ಓದಲು ಬಂದಿದ್ದ ಕಿರಿಯ ಡಾಕ್ಟರು ಕರಡು ಬರೆದರು: ಎರಡೂ ನೆಗೆಟಿವ್, ಹಾರ್ಮೋನಿಗೆ ಸ್ಪಂದಿಸುವ ಲಕ್ಷಣವಿಲ್ಲ. ಮೇಡಂ ಸಹಿ ಹಾಕಿ ಅದು ಹೊರಟರೆ ಮಾತ್ರೆಯ ದಾರಿ ಮುಚ್ಚಿ, ಕಿಮೊ ಶುರುವಾಗುತ್ತಿತ್ತು.

ಆ ಸಂಜೆ ಮನೆಗೆ ಬಂದವನು ಮೆಟ್ಟಿಲ ಕೆಳಗೆ ಅಕ್ಕನ ದನಿ ಕೇಳಿ, ಸೈಕಲ್ ಸ್ಟ್ಯಾಂಡಿನ ಹಿಂದೆ ಅಡಗಿದೆ. ಆರಡಿ ಎತ್ತರದವನು ಸೈಕಲ್ ಹಿಂದೆ ಅಡಗಿದರೆ ಹೇಗೆ ಕಾಣುತ್ತದೋ ಹಾಗೇ ಕಂಡಿರಬೇಕು. ಮರುದಿನ ಬೆಳಿಗ್ಗೆ ಸ್ಟೇಷನ್ನಿಗೆ ಒಟ್ಟಿಗೆ ನಡೆಯಲೇಬೇಕಾಯಿತು. ಅಕ್ಕ ಮಗಳ ಪರೀಕ್ಷೆ, ತರಕಾರಿಯ ರೇಟು ಎಂದು ಮಾತಾಡಿದರು. ನಾನು ಹೂಂ ಎಂದೆ. ಹೂಂ ಬಿಟ್ಟು ಬೇರೆ ಅಕ್ಷರ ಬಾಯಿಗೆ ಬರಲಿಲ್ಲ.

ಮೇಡಂ ಕರಡಿಗೆ ಸಹಿ ಹಾಕದೆ ನನ್ನನ್ನು ಕರೆದರು. ಇಬ್ಬರು ಎದುರುಬದುರು ಕೂತು ನೋಡುವ ಮೈಕ್ರೋಸ್ಕೋಪು ಅದು. ಅವರು ಗಡ್ಡೆಯನ್ನು ಬಿಟ್ಟು ಚೂರಿನ ಒಂದು ಅಂಚಿಗೆ ಸ್ಲೈಡು ಸರಿಸಿದರು.

"ಇದೇನ್ರೀ?"

"ಶ್ವಾಸಕೋಶದ ಒಳ್ಳೇ ಕೋಶಗಳು ಮೇಡಂ. ಸೂಜಿಗೆ ಅಂಟ್ಕೊಂಡು ಬಂದಿವೆ."

"ಯಾವ ಬಣ್ಣ?"

"ನೀಲಿ."

"ಟಿಟಿಎಫ್ ಸ್ಲೈಡ್ ಇದು. ಶ್ವಾಸಕೋಶದ ಸ್ವಂತ ಕೋಶಗಳೇ ನಾವು ಶ್ವಾಸಕೋಶದವರಲ್ಲ ಅಂತಿವೆ. ಹಾಗಾದ್ರೆ ಇಲ್ಲಿ ಸುಳ್ಳು ಹೇಳ್ತಿರೋದು ಯಾರು? ಗಡ್ಡೆಯೋ, ನಾವೋ?"

ಒಳ್ಳೆಯ ಕೋಶಗಳು ಕಂದಾಗಲೇಬೇಕಿತ್ತು. ಅವೂ ಆಗಿಲ್ಲ ಎಂದರೆ ಬಣ್ಣವೇ ಹತ್ತಿಲ್ಲ, ಗಡ್ಡೆಯ ನೀಲಿಗೂ ಅರ್ಥವಿಲ್ಲ. ಬಣ್ಣ ಸರಿಯಿದೆಯೇ ಎಂದು ನೋಡಲು ನಾವು ದಿನಾ ಜೊತೆಗಿಡುವ ಮಾದರಿ ಸ್ಲೈಡು ಚೆನ್ನಾಗಿಯೇ ಕಂದಾಗಿತ್ತು, ಹಾಗಾಗಿ ತಪ್ಪು ಬಣ್ಣದ್ದಲ್ಲ, ಚೂರಿನದ್ದು. ಡಬ್ಬಿ ಹಬ್ಬವಿಡೀ ಫಾರ್ಮಲಿನ್ನಿನಲ್ಲಿತ್ತಲ್ಲವೇ ಎಂದು ಪಳನಿ ಅಣ್ಣ ನೆನಪಿಸಿದರು. ಗಂಟು ಎಷ್ಟು ಬಿಗಿದಿತ್ತೆಂದರೆ ನಮ್ಮ ಮಾಮೂಲಿ ಕುದಿತಕ್ಕೆ ಬಿಚ್ಚಿರಲಿಲ್ಲ.

ಹಾಗಾದರೆ ಹೆಚ್ಚು ಹೊತ್ತು ಕುದಿಸಬೇಕು. ಹೆಚ್ಚು ಕುದಿಸಿದರೆ ಪೊರೆ ಕಿತ್ತು ಬರುತ್ತದೆ. ಮೇಣದಲ್ಲಿ ಉಳಿದಿದ್ದದ್ದು ಉಗುರಿನ ಚೂರಿನಷ್ಟು, ಎರಡು ಸ್ಲೈಡಿಗಾದರೆ ಹೆಚ್ಚು. ಅದೂ ತೇಲಿಹೋದರೆ ಅಕ್ಕನ ಶ್ವಾಸಕೋಶಕ್ಕೆ ಮತ್ತೆ ಸೂಜಿ. ಮೊದಲ ಸೂಜಿಗೇ ಅವರ ಉಸಿರು ಕಟ್ಟಿ ಇಡೀ ಮಧ್ಯಾಹ್ನ ವಾರ್ಡಿನಲ್ಲಿ ಇರಿಸಿಕೊಂಡಿದ್ದರು. ಈ ಕೆಲಸ ಪಳನಿ ಅಣ್ಣ ಮಾಡಲಿ ಮೇಡಂ ಎಂದೆ. ಮೇಡಂ ಅವರ ಕಡೆ ನೋಡಿದರು. ಪಳನಿ ಅಣ್ಣ ಮೊದಲ ಬಾರಿಗೆ ತಮಾಷೆ ಮಾಡದೆ, ನನ್ನ ಕೈ ಈಗ ನಡುಗುತ್ತೆ ತಂಬಿ, ನೀನೇ ಮಾಡು ಎಂದರು.

"ನಿಮ್ಮ ನೆರೆಯವರಂತೆ. ಆ ಸ್ಲೈಡ್ ಮುಗಿಯೋವರೆಗೂ ಅವರು ನಿಮಗೆ ಯಾರೂ ಅಲ್ಲ. ಮೊದಲು ಬೇರೆ ಚೂರಿನ ಮೇಲೆ ಮಾಡಿ ನೋಡಿ," ಎಂದರು ಮೇಡಂ.

ಬೇರೆ ಚೂರು ಎಂದರೆ ಯಾವುದಾದರೂ ಆಗದು, ಅದೂ ಹಬ್ಬವಿಡೀ ಫಾರ್ಮಲಿನ್ನಿನಲ್ಲಿ ನೆಂದದ್ದಾಗಬೇಕು. ಹುಡುಕಿದಾಗ ಅದೇ ದಿನ ಬಂದಿದ್ದ ಒಂದು ಥೈರಾಯ್ಡ್ ಗಂಟು ಸಿಕ್ಕಿತು, ತೆಂಗಿನಕಾಯಿಯಷ್ಟು ದಪ್ಪದ್ದು. ಥೈರಾಯ್ಡ್ ಎಂದರೆ ಟಿಟಿಎಫ್ ಇರಲೇಬೇಕು. ಮಾಮೂಲಿನಷ್ಟು ಕುದಿಸಿದೆ, ನೀಲಿ. ಇನ್ನಷ್ಟು ಕುದಿಸಿದೆ, ಅಲ್ಲಲ್ಲಿ ತಿಳಿ ಕಂದು. ಮತ್ತಷ್ಟು ಕುದಿಸಿದೆ, ಒಳ್ಳೆಯ ಡಿಕಾಕ್ಷನ್. ಇದಾದ ಮೇಲೆ ದುರಾಸೆಯಿಂದ ಇನ್ನೊಂದಿಷ್ಟು ಕುದಿಸಿದೆ, ಥೈರಾಯ್ಡ್ ಕಿತ್ತು ಬಂದು ಕುಕ್ಕರಿನ ತಳದಲ್ಲಿ ಕೂತಿತು. ದಾರಿಯೂ ಗೊತ್ತಾಯಿತು, ದಾರಿ ಮುಗಿದು ಹಳ್ಳ ಶುರುವಾಗುವ ಜಾಗವೂ ಗೊತ್ತಾಯಿತು.

ಆಮೇಲೆ ಅಕ್ಕನದನ್ನು ಹೆರೆದೆ. ಲೇಪ ಕೊಟ್ಟ ಸ್ಲೈಡಿನ ಮೇಲೆ ಎತ್ತಿ, ಒಂದು ದಿನವಿಡೀ ಬೆಚ್ಚಗೆ ಒಣಗಿಸಿದೆ. ಮರುದಿನ ಕುಕ್ಕರಿನ ಮುಂದೆ ಗಡಿಯಾರ ಹಿಡಿದು ನಿಂತೆ. ಇಳಿಸಿದ ಮೇಲೆ ಅದು ತಾನಾಗಿ ತಣಿಯುವವರೆಗೆ ಪಳನಿ ಅಣ್ಣ ನನ್ನ ಎರಡೂ ಕೈ ಹಿಡಿದುಕೊಂಡು ಕೂತಿದ್ದರು, ಪ್ರೀತಿಗಲ್ಲ, ಮುಚ್ಚಳಕ್ಕೆ ಕೈ ಹಾಕದಿರಲಿ ಎಂದು. ತೆರೆದಾಗ ಎರಡು ಸ್ಲೈಡಿನ ಮೇಲೂ ಪೊರೆ ಇತ್ತು. ಒಂದರ ಅಂಚು ಮಾತ್ರ ತುಸು ಮಡಚಿತ್ತು.

ಬಣ್ಣ ಮುಗಿಸಿ ಮೇಡಂ ಎದುರು ಕೂತೆ. ಟಿಟಿಎಫ್ ಸ್ಲೈಡಿನಲ್ಲಿ ಅಂಚಿನ ಒಳ್ಳೆಯ ಕೋಶಗಳೆಲ್ಲ ಕಂದು, ಒಂದೊಂದೂ ಹುರಿದ ಕಾಫಿಬೀಜದಂತೆ. ಗಡ್ಡೆ ಮಾತ್ರ ನೀಲಿ. ಈ ಸಲದ ನೀಲಿ ನಂಬುವಂಥ ನೀಲಿ. ಎರಡನೆಯ ಸ್ಲೈಡಿಟ್ಟರು. ಈಸ್ಟ್ರೋಜೆನ್ ರಿಸೆಪ್ಟರ್. ಗಡ್ಡೆಯ ತುಂಬ ಕಂದು.

ಮೇಡಂ ಕಣ್ಣು ತೆಗೆಯದೆ, ಸ್ತನದ್ದೇ ಎಂದರು. ಆಮೇಲೆ ಕರಡನ್ನು ಹರಿದು, ಹೊಸದು ಬರೆಯುತ್ತ, ಹೊರಗೆ ಹೋಗಿ ಮುಖ ತೊಳ್ಕೊಳ್ಳಿ ಗುರು, ಸ್ಲೈಡ್ ಮೇಲೆ ಬೀಳುತ್ತೆ ಎಂದರು. ಆ ವಾರದಿಂದಲೇ ಹಬ್ಬದ ರಜೆಯಲ್ಲೂ ಒಬ್ಬರು ಬಂದು ಡಬ್ಬಿಗಳನ್ನು ಮುಂದಕ್ಕೆ ಸಾಗಿಸಬೇಕೆಂದು ನಿಯಮವಾಯಿತು. ಹಲವು ಪೊಂಗಲ್‌ಗಳನ್ನು ನಾನು ಲ್ಯಾಬಿನಲ್ಲೇ ಆಚರಿಸಿದೆ.

ರಿಪೋರ್ಟು ಅಕ್ಕನ ಡಾಕ್ಟರಿಗೆ ತಲುಪಿ, ಅವರು ಅಕ್ಕನಿಗೆ ಹೇಳಲು ಎರಡು ದಿನವಾಯಿತು. ಆ ಎರಡು ದಿನವೂ ನಾನು ಏನೂ ಗೊತ್ತಿಲ್ಲದವನಂತೆ ಅವರೊಂದಿಗೆ ಸ್ಟೇಷನ್ನಿಗೆ ನಡೆದೆ. ನನ್ನ ನಟನೆಯ ಬಗ್ಗೆ ನನಗೇ ಮೆಚ್ಚುಗೆಯಿತ್ತು. ಮೂರನೆಯ ಸಂಜೆ ಅವರು ಕೈಯಲ್ಲಿ ಮಾತ್ರೆಯ ಪೊಟ್ಟಣ ಹಿಡಿದು ಮೆಟ್ಟಿಲ ಮೇಲೆ ಕಾಯುತ್ತ ಕೂತಿದ್ದರು.

"ಹಳಬನೇ ಅಂತೆ ಕಣೋ."

ಹೌದಾ ಅಕ್ಕ ಎಂದು ಹುಬ್ಬೇರಿಸಿ, ಬಾಯಿ ತೆರೆದು, ಎದೆ ಮೇಲೆ ಕೈ ಇಟ್ಟೆ.

"ಸಾಕು ನಿಲ್ಸೋ. ಮೊನ್ನೆನೇ ಗೊತ್ತಾಯ್ತು ನಂಗೆ."

"ಯಾರು ಹೇಳಿದ್ರು?"

"ನೀನೇ. ಹಬ್ಬ ಆದ್ಮೇಲೆ ಒಂದ್ ಜೋಕೂ ಹೇಳ್ಲಿಲ್ಲ ನೀನು. ಸೈಕಲ್ ಹಿಂದೆ ಕೂತಿದ್ದೆ. ಅಲ್ಲಿಗೆ ನನ್ ಕಥೆ ಮುಗೀತು ಅಂತ ಮಗಳಿಗೆ ಬ್ಯಾಂಕಿನ ಪಾಸ್‌ಬುಕ್ ಎಲ್ಲಿದೆ, ಗ್ಯಾಸಿಗೆ ಯಾರಿಗೆ ಫೋನ್ ಮಾಡ್ಬೇಕು ಎಲ್ಲ ಹೇಳ್ಕೊಟ್ಟೆ. ಮೊನ್ನೆ ಬೆಳಿಗ್ಗೆ ನೀನು ಸ್ಟೇಷನ್ ತಂಕ ಮೂರು ಜೋಕು ಹೇಳ್ದೆ. ಮೂರೂ ದರಿದ್ರ. ಅವತ್ತು ನಾನು ಆಫೀಸಲ್ಲಿ ಹೊಟ್ಟೆ ತುಂಬ ಊಟ ಮಾಡ್ದೆ."

ಬಾಯಿ ಮುಚ್ಚಿಕೊಂಡಿದ್ದೇನೆ ಎಂದುಕೊಂಡಿದ್ದ ಆ ವಾರವೆಲ್ಲ ನಾನು ಕೂಗಿ ಹೇಳಿದ್ದೆ. ಅದೂ ತಪ್ಪು ರಿಪೋರ್ಟನ್ನು.

"ಇನ್ಮೇಲೆ ಒಂದ್ ಮಾಡು," ಎಂದರು ಅಕ್ಕ. "ನನ್ ಟೆಸ್ಟ್ ಇದ್ದಾಗ ಒಳ್ಳೇದಿರ್ಲಿ ಕೆಟ್ಟದ್ದಿರ್ಲಿ, ದಿನಾ ಒಂದು ಜೋಕು ಹೇಳು. ನೀನು ಸುಮ್ನಿದ್ರೆ ನಂಗೆ ಭಯ ಆಗುತ್ತೆ."

ಮಾತು ಕೊಟ್ಟೆ. ಮಾತ್ರೆ ಚೆನ್ನಾಗಿ ಕೆಲಸ ಮಾಡಿತು. ನೆರಳು ಕುಗ್ಗಿತು, ಕೆಮ್ಮು ನಿಂತಿತು. ಮಗಳ ಓದು ಮುಗಿಯಿತು, ಅವಳಿಗೆ ಇಲ್ಲೇ ಒಂದು ಬ್ಯಾಂಕಿನಲ್ಲಿ ಕೆಲಸವಾಯಿತು. ಅಕ್ಕ ಲೇಡೀಸ್ ಕಂಪಾರ್ಟ್‌ಮೆಂಟಿನಲ್ಲಿ ಸೀಟಿಗಾಗಿ ಜಗಳವಾಡುತ್ತ ದಿನಾ ಎಗ್ಮೋರಿಗೆ ಹೋಗಿಬಂದರು. ಆರಾರು ತಿಂಗಳಿಗೆ ಟೆಸ್ಟು ಬಂದಾಗ ನಾನು ತಪ್ಪದೆ ಜೋಕು ಒಪ್ಪಿಸಿದೆ. ಒಳ್ಳೆಯ ವರ್ಷಗಳು ಅವು, ಈಗ ನೆನೆದರೆ ಇನ್ನೂ ಒಳ್ಳೆಯವು.

ನನ್ನ ಕೈ ಬಿರಿಯಲು ಶುರುವಾದ ಕೊನೆಯ ವರ್ಷ, ಅಕ್ಕನ ಎದೆಯಿಂದ ತೆಗೆದ ನೀರು ಲ್ಯಾಬಿಗೆ ಬಂತು. ಅದರಲ್ಲಿದ್ದ ಕೋಶಗಳನ್ನು ಬಸಿದು ಮೇಣದಲ್ಲಿ ಕೂರಿಸಿ ಬಣ್ಣ ಹಾಕಿದೆ. ಈ ಸಲ ಡಬ್ಬಿ ಎಲ್ಲೂ ಕಾದಿರಲಿಲ್ಲ. ಕುದಿತ ಸರಿಯಾಗಿತ್ತು, ಮಾದರಿ ಸ್ಲೈಡು ಕಂದಾಗಿತ್ತು. ಸಂಶಯಕ್ಕೆ ಜಾಗ ಸಿಗಲಿ ಎಂದು ನಾನೂ ಮೇಡಮ್ಮೂ ಮೂಲೆಮೂಲೆ ಹುಡುಕಿದೆವು. ಅಕ್ಕನ ಕೋಶಗಳೆಲ್ಲ ನೀಲಿ. ಕೆಲವು ಕ್ಯಾನ್ಸರುಗಳು ಹೀಗೆ, ವರ್ಷಗಟ್ಟಲೆ ಕೈ ಕಟ್ಟಿಸಿಕೊಂಡು ಕೂತು, ಕೊನೆಗೆ ಆ ಸ್ವಿಚ್ಚಿನವನನ್ನೇ ಬಿಟ್ಟು ಬೇರೆ ದಾರಿ ಹಿಡಿಯುತ್ತವೆ. ಆಮೇಲೆ ಮಾತ್ರೆಗೆ ಹಿಡಿಯಲು ಯಾರೂ ಸಿಗುವುದಿಲ್ಲ.

ಅಂದು ಮನೆಗೆ ಬರುವ ರೈಲಿನಲ್ಲಿ ಒಂದು ಜೋಕು ಕಟ್ಟಿದೆ. ಒಳ್ಳೆಯದೇ ಆಗಬೇಕೆಂದು ಹಟವಿತ್ತು. ಮೂರು ಪಾತ್ರಗಳು, ಮೂರಕ್ಕೂ ಬೇರೆ ಬೇರೆ ದನಿ. ಅಕ್ಕ ಮೆಟ್ಟಿಲ ತಿರುವಿನಲ್ಲಿ ಕಂಬಿ ಹಿಡಿದು ಉಸಿರು ಸುಧಾರಿಸಿಕೊಳ್ಳುತ್ತಿದ್ದರು. ಅಲ್ಲೇ ನಿಂತು ಶುರು ಮಾಡಿದೆ. ಕೈ ಆಡಿಸಿದೆ, ಸೊಂಟ ಬಳುಕಿಸಿದೆ, ಪೊಲೀಸಿನವನ ದನಿ ತೆಗೆದೆ. ಎದುರುಮನೆಯವರು ಬಾಗಿಲು ತೆರೆದು ನೋಡಿದರು. ಎಲ್ಲೂ ತಪ್ಪದೆ ಕೊನೆಯವರೆಗೂ ಹೇಳಿದೆ.

ಇಷ್ಟು ವರ್ಷದಲ್ಲಿ ಮೊದಲ ಬಾರಿಗೆ ಅಕ್ಕ ಗಟ್ಟಿಯಾಗಿ ನಕ್ಕರು. ನಕ್ಕು, ಕೆಮ್ಮಿ, ಸೆರಗಿನಿಂದ ಕಣ್ಣೊರೆಸಿಕೊಂಡರು. ನನ್ನ ಬಿರಿದ ಕೈಯನ್ನು ತಮ್ಮ ಕೈಯಲ್ಲಿ ತೆಗೆದುಕೊಂಡರು.

"ಚೆನ್ನಾಗಿತ್ತು ಕಣೋ," ಎಂದರು. "ಇವತ್ತು ತುಂಬ ಕಷ್ಟಪಟ್ಟಿದ್ದೀಯ."